ತೋಟದ ಮನೆ ದಾರಿ: ವರ್ಷ ವರ್ಷ ಜಲ್ಲಿ ಸುರಿದರೂ ಅದೇ ಜಾಗದಲ್ಲಿ ಅದೇ ಗುಂಡಿ, ಟ್ರ್ಯಾಕ್ಟರ್‌ನಲ್ಲಿ ಸರಿ ಮಾಡಬಹುದಾ?

ಕಾಫಿಗಿಡ_ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಟಾರು ರಸ್ತೆಯಿಂದ ಮನೆ ಅಂಗಳದವರೆಗೆ ಸುಮಾರು 300 ಮೀಟರ್ ದಾರಿ, 10 ಅಡಿ ಅಗಲ. ಕೆಳಗೆ ಕೆಂಪು ಮಣ್ಣು, ಮೇಲೆ ಅಪ್ಪನ ಕಾಲದಿಂದ ಹಾಕಿಸುತ್ತಾ ಬಂದ ಗರಸು, ಜಲ್ಲಿ. ಗೇಟಿನಿಂದ ಅರ್ಧ ದೂರ ಹೆಚ್ಚುಕಡಿಮೆ ಸಮ. ಆಮೇಲೆ ಮನೆ ಕಡೆಗೆ ಏರು. ಏರು ಶುರುವಾಗುವಲ್ಲೇ ಒಂದು ತಿರುವು.

ಕಥೆ ಪ್ರತಿ ವರ್ಷ ಒಂದೇ. ಮಳೆ ನಿಂತ ಮೇಲೆ ಎರಡು ಮೂರು ಲೋಡ್ ಜಲ್ಲಿ ತರಿಸುವುದು, ಆಳುಗಳ ಕೈಲಿ ಬಾಂಡ್ಲಿಯಲ್ಲಿ ಹೊರಿಸಿ ಗುಂಡಿ ತುಂಬಿಸುವುದು, ದೀಪಾವಳಿಗೆ ಬಂದ ನೆಂಟರು 'ಪರವಾಗಿಲ್ವೇ, ದಾರಿ ಸರಿ ಮಾಡಿಸಿದ್ದೀರಿ' ಅನ್ನುವುದು. ಮುಂದಿನ ಆರಿದ್ರಾ ಮಳೆ ನಾಲ್ಕು ದಿನ ಹಿಡಿದರೆ ಸಾಕು, ಅದೇ ಜಾಗದಲ್ಲಿ ಅದೇ ಗುಂಡಿ. ಒಂದೊಂದು ಗುಂಡಿಯೂ ನನಗೆ ಈಗ ಮುಖಪರಿಚಯ. ಗ್ಯಾಸ್ ಗಾಡಿಯವನು ಸಿಲಿಂಡರನ್ನು ಗೇಟಿನಲ್ಲೇ ಇಳಿಸಿ ಫೋನ್ ಮಾಡುತ್ತಾನೆ. ಅಮ್ಮ ಕಾರಿನಲ್ಲಿ ಕೂತರೆ ಬಾಗಿಲ ಮೇಲಿನ ಹಿಡಿ ಬಿಡುವುದಿಲ್ಲ.

ಹುಲ್ಲು ಜಾಸ್ತಿ ಬೆಳೆದಿದೆ ಅಂತ ಹೋದ ವರ್ಷ ಜೆಸಿಬಿ ಕರೆಸಿ ಕೆರೆಸಿದೆ. ಆಗ ನೋಡಲು ಚೆನ್ನಾಗೇ ಇತ್ತು. ಈ ವರ್ಷ ಪಕ್ಕದ ತೋಟದವರ 6 ಅಡಿ ಬ್ಲೇಡ್ ತಂದು, ನಮ್ಮ ಹಳೆ ಮ್ಯಾಸಿ 1035 ಟ್ರ್ಯಾಕ್ಟರ್‌ಗೆ ಕಟ್ಟಿ ನಾನೇ ಎಳೆದೆ. ಗುಂಡಿಗಳೇನೋ ಮುಚ್ಚಿದವು, ಆದರೆ ದಾರಿಯೆಲ್ಲ ಒಂಟೆ ಬೆನ್ನಿನ ಹಾಗೆ ಏರಿಳಿತ ಆಯಿತು. ನಮ್ಮ ಡ್ರೈವರ್ ನೋಡಿ ನಕ್ಕ. ಏನೂ ಹೇಳಲಿಲ್ಲ, ಅದೇ ಇನ್ನೂ ಬೇಜಾರು.

ನನ್ನ ಹತ್ತಿರ ಇರುವುದು ಟ್ರ್ಯಾಕ್ಟರ್, 9 ಹಲ್ಲಿನ ಕಲ್ಟಿವೇಟರ್, ಕೇಳಿದರೆ ಸಿಗುವ ಆ ಬ್ಲೇಡ್. ಇಷ್ಟರಲ್ಲೇ ಆಗುತ್ತಾ? ಜಲ್ಲಿ ಎಷ್ಟು ಬೇಕು? ಯಾವಾಗ ಮಾಡಬೇಕು? ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಶುರು, ಅಷ್ಟರೊಳಗೆ ಗಾಡಿ ನೆಟ್ಟಗೆ ಬರುವ ಹಾಗಾದರೆ ಸಾಕು.

ಸುಮ್ನೆ_ಓದುವವ:

ಕಾಂಕ್ರೀಟ್ ಹಾಕಿಸಿಬಿಡಿ ಸಾರ್. ಒಂದು ಸಲ ಖರ್ಚು, ಆಮೇಲೆ ನಿದ್ದೆ.

ಕಾಫಿಗಿಡ_ಮೂಡಿಗೆರೆ:

300 ಮೀಟರ್ ಸಾರ್. ತೋಟ ಮಾರಿ ದಾರಿ ಮಾಡಿಸಿದ ಹಾಗಾಗುತ್ತದೆ.

ಹಾಸನದ_ಟ್ರ್ಯಾಕ್ಟರ್:

ಅಣ್ಣ, ಅಲೆ ಯಾಕೆ ಬಂತು ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪು ನಾನೂ ಮಾಡಿ ನಮ್ಮೂರವರ ಕೈಲಿ ನಗಿಸಿಕೊಂಡಿದ್ದೇನೆ.

ನಿಮ್ಮ ಸೀಟಿನ ಬಲಗಡೆ ಹೈಡ್ರಾಲಿಕ್‌ಗೆ ಎರಡು ಲಿವರ್ ಇವೆ ಅಲ್ವಾ. ಒಂದು ಪೊಸಿಷನ್, ಇನ್ನೊಂದು ಡ್ರಾಫ್ಟ್. ನೀವು ಉಳುಮೆಯ ಅಭ್ಯಾಸದಲ್ಲಿ ಡ್ರಾಫ್ಟ್‌ನಲ್ಲೇ ಎಳೆದಿರುತ್ತೀರಿ. ಡ್ರಾಫ್ಟ್ ಇರುವುದು ನೇಗಿಲಿಗೆ. ಭಾರ ಬಿದ್ದ ಕೂಡಲೇ ತಾನೇ ಸ್ವಲ್ಪ ಎತ್ತುತ್ತದೆ, ಹಗುರ ಆದರೆ ಇಳಿಸುತ್ತದೆ. ಹೊಲದಲ್ಲಿ ಅದು ಒಳ್ಳೆಯದು. ದಾರಿಯಲ್ಲಿ ಗಟ್ಟಿ ಜಾಗ ಬಂದಾಗ ಎತ್ತುತ್ತದೆ, ಮೆತ್ತಗೆ ಇದ್ದಲ್ಲಿ ಮುಳುಗುತ್ತದೆ, ಅಲ್ಲಿಗೆ ಒಂಟೆ ಬೆನ್ನು ತಯಾರು. ದಾರಿ ಕೆಲಸಕ್ಕೆ ಪೊಸಿಷನ್‌ನಲ್ಲಿ ಇಡಿ, ಆಗ ಬ್ಲೇಡ್ ನಾವು ಇಟ್ಟ ಎತ್ತರದಲ್ಲೇ ನಿಲ್ಲುತ್ತದೆ.

ಎರಡನೆಯದು, ಬ್ಲೇಡ್ ಇರುವುದು ಹಿಂದಿನ ಗಾಲಿಗಿಂತ ಹಿಂದೆ. ಮುಂದಿನ ಗಾಲಿ ಉಬ್ಬು ಹತ್ತಿದರೆ ಹಿಂದೆ ಬ್ಲೇಡ್ ಕೆಳಗೆ ಕಚ್ಚುತ್ತದೆ, ಮುಂದಿನ ಗಾಲಿ ಗುಂಡಿಗೆ ಇಳಿದರೆ ಬ್ಲೇಡ್ ಮೇಲೆ ಏಳುತ್ತದೆ. ಅಂದರೆ ಇರುವ ಏರಿಳಿತವನ್ನೇ ಅದು ನಕಲು ಮಾಡುತ್ತಾ ಹೋಗುತ್ತದೆ. ಅದಕ್ಕೆ ಒಂದೇ ಸಲ ಆಳ ತೆಗೆಯಬಾರದು. ಲೋ ಫಸ್ಟ್ ಅಥವಾ ಲೋ ಸೆಕೆಂಡ್ ಗೇರ್‌ನಲ್ಲಿ, ನಡೆದುಕೊಂಡು ಹೋಗುವ ವೇಗದಲ್ಲಿ, ಪ್ರತಿ ಸಲ ಸ್ವಲ್ಪ ಸ್ವಲ್ಪ. ಆರೇಳು ಸಲ ಓಡಾಡಬೇಕಾಗುತ್ತದೆ. ಮತ್ತೆ ಪ್ರತಿ ಗುಂಡಿಗೂ ಲಿವರ್ ಮುಟ್ಟುತ್ತಾ ಇರಬೇಡಿ. ನಾವು ಸರಿ ಮಾಡಲು ಹೋದಷ್ಟೂ ಕೆಡುತ್ತದೆ, ಕೈ ಕಟ್ಟಿಕೊಂಡು ಕೂರುವುದೇ ಇದರಲ್ಲಿ ದೊಡ್ಡ ವಿದ್ಯೆ.

ಮೂರನೆಯದು, ಬರೀ ಬ್ಲೇಡ್ ಎಳೆದರೆ ಆಗಲ್ಲ. ಗುಂಡಿ 4 ಇಂಚು ಆಳ ಇದ್ದರೆ, ಅದರ ತಳಕ್ಕಿಂತ ಸ್ವಲ್ಪ ಕೆಳಗಿನವರೆಗೆ ಸುತ್ತಲಿನ ದಾರಿಯನ್ನೂ ಸಡಿಲ ಮಾಡಬೇಕು. ಇಲ್ಲದಿದ್ದರೆ ನೀವು ಮಾಡುವುದು ಬಟ್ಟಲಿಗೆ ಜಲ್ಲಿ ತುಂಬುವ ಕೆಲಸ. ಬಟ್ಟಲು ಒಳಗೆ ಹಾಗೇ ಇರುತ್ತದೆ, ನೀರು ಅಲ್ಲೇ ನಿಲ್ಲುತ್ತದೆ, ಗಾಲಿ ಹತ್ತಿದಾಗ ನೀರಿನ ಜೊತೆ ಸಣ್ಣ ಪುಡಿ ಎಲ್ಲ ಚಿಮ್ಮಿ ಹೊರಗೆ, ಒಳಗೆ ಬರೀ ದಪ್ಪ ಕಲ್ಲು. ಆಮೇಲೆ ಆ ಕಲ್ಲೂ ಹೋಗುತ್ತದೆ. ನಿಮ್ಮ ಕಲ್ಟಿವೇಟರ್ ಇದಕ್ಕೇ ಬೇಕು. ದಾರಿ ತೀರ ಗಟ್ಟಿ ಇದ್ದರೆ ಒಂಬತ್ತು ಹಲ್ಲೂ ಒಟ್ಟಿಗೆ ಇಳಿಯುವುದಿಲ್ಲ, ಬರೀ ಗೀರುತ್ತವೆ. ನಾನು ನಾಲ್ಕು ಹಲ್ಲು ಬಿಚ್ಚಿ ಐದರಲ್ಲಿ ಹೊಡೆದೆ, ಆಗ ಕಚ್ಚಿತು.

ಒಣಗಿ ಕಲ್ಲಾದ ಮೇಲೆ ಮಾಡಬೇಡಿ, ಕೆಸರಿನಲ್ಲೂ ಬೇಡ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ಉಂಡೆ ನಿಂತರೆ, ಕೈಗೆ ಮೆತ್ತದೇ ಇದ್ದರೆ, ಅದೇ ದಿನ ಶುರು ಮಾಡಿ.

ಮಳೆಮಾಪಕ:

ಮೇಲಿನವರು ಯಂತ್ರದ ಬಗ್ಗೆ ಹೇಳಿದ್ದು ಸರಿ. ನಾನು 30 ವರ್ಷ ರಸ್ತೆ ಕೆಲಸದಲ್ಲೇ ಇದ್ದವನು, ಈಗ ನಿವೃತ್ತ. ನನ್ನ ಪ್ರಕಾರ ನಿಮ್ಮ ಸಮಸ್ಯೆ ಜಲ್ಲಿಯದ್ದಲ್ಲ, ಬ್ಲೇಡಿನದ್ದೂ ಅಲ್ಲ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಜೆಸಿಬಿ ವಿಷಯ. ಹುಲ್ಲು ಕೆರೆಸಿದಾಗ ಆ ಮಣ್ಣು ಎಲ್ಲಿ ಹಾಕಿಸಿದಿರಿ? ಎರಡೂ ಅಂಚಿಗೆ ತಾನೇ?

ಹಾಗಾದರೆ ಈಗ ದಾರಿ ಕೆಳಗಿದೆ, ಅಂಚು ಮೇಲಿದೆ. ಅದಕ್ಕೆ ದಾರಿ ಅನ್ನುವುದಿಲ್ಲ, ಕಾಲುವೆ ಅನ್ನುತ್ತಾರೆ. ನಿಮ್ಮ ಕಡೆ ಬೀಳುವ ಮಳೆಯನ್ನು ತೋಟದವರು ಇವತ್ತಿಗೂ ಇಂಚಿನಲ್ಲೇ ಲೆಕ್ಕ ಹಾಕುತ್ತಾರೆ, ನೂರು ಇಂಚು ಅಂದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಷ್ಟು ನೀರು ದಾರಿಯ ಮೇಲೆಯೇ ಹರಿದರೆ ಯಾವ ಜಲ್ಲಿ ನಿಲ್ಲುತ್ತದೆ ಹೇಳಿ.

ಹಳೆ ಕಾಲದವರು ಸುಮ್ನೆ 'ಆಮೆ ಬೆನ್ನು' ಅನ್ನುತ್ತಿರಲಿಲ್ಲ. ದಾರಿಯ ನಡು ಎತ್ತರ, ಅಂಚು ತಗ್ಗು. ಜಲ್ಲಿ ದಾರಿಗೆ ನೂರಕ್ಕೆ ನಾಲ್ಕರಷ್ಟು ಓರೆ ಇದ್ದರೆ ನೀರು ಓಡುತ್ತದೆ. ನಿಮ್ಮದು 10 ಅಡಿ, ಅಂದರೆ ನಡುವಿನಿಂದ ಅಂಚಿಗೆ 5 ಅಡಿ. ಲೆಕ್ಕ ಹಾಕಿದರೆ ನಡು ಸುಮಾರು ಎರಡೂವರೆ ಇಂಚು ಎತ್ತರ ಬರಬೇಕು. ಮಾಡುವಾಗ 3 ಇಂಚು ಇಡಿ, ಗಾಡಿ ಓಡಾಡಿ ಕೂರುತ್ತದೆ. ಕಣ್ಣಳತೆ ನಂಬಬೇಡಿ. ಗಾರೆಯವರ ಹತ್ತಿರ ಟ್ಯೂಬ್ ಲೆವೆಲ್ (ನೀರು ತುಂಬಿ ಮಟ್ಟ ನೋಡುವ ಪೈಪ್) ಇರುತ್ತದೆ, ಒಂದು ದಿನ ಕೇಳಿ ತನ್ನಿ.

ಟ್ರ್ಯಾಕ್ಟರ್‌ನಲ್ಲಿ ಈ ಬೆನ್ನು ಮಾಡುವುದು ಕಷ್ಟ ಅಲ್ಲ. ಬ್ಲೇಡನ್ನು ನೇರ ಇಡದೆ 30 ಡಿಗ್ರಿ ಆಸುಪಾಸು ಓರೆ ತಿರುಗಿಸಿ. ಒಂದು ಅಂಚಿನಲ್ಲಿ ಹೋಗುವಾಗ ಮಣ್ಣು ನಡುವಿಗೆ ಬಂದು ಬೀಳಬೇಕು. ವಾಪಸ್ ಬರುವಾಗ ಇನ್ನೊಂದು ಅಂಚು, ಅದೂ ನಡುವಿಗೆ. ಜೊತೆಗೆ ಬ್ಲೇಡ್ ಎತ್ತಿಳಿಸುವ ಬಲಗಡೆ ಲಿಫ್ಟ್ ರಾಡಿನಲ್ಲಿ ತಿರುಗಿಸುವ ಹಿಡಿ ಇರುತ್ತದೆ, ಅದರಿಂದ ಬ್ಲೇಡಿನ ಅಂಚಿನ ಕಡೆಯ ಮೂಲೆ ಸ್ವಲ್ಪ ಕೆಳಗೆ ಬರುವ ಹಾಗೆ ಮಾಡಿಕೊಳ್ಳಿ. ನಡುವೆ ಸಾಲು ಬಿದ್ದ ಮೇಲೆ ಬ್ಲೇಡನ್ನು ಹಿಂದುಮುಂದಾಗಿ ತಿರುಗಿಸಿ, ಉಬ್ಬಿದ ಬೆನ್ನು ಮುಂದಕ್ಕೆ ಬರಲಿ, ಹಗುರವಾಗಿ ಸವರಿಕೊಂಡು ಹೋಗಿ. ಆಗ ಕಚ್ಚುವುದಿಲ್ಲ, ಬರೀ ಹರಡುತ್ತದೆ.

ಇನ್ನೊಂದು ಮಾತು. ಹೊಸ ಜಲ್ಲಿ ಆರ್ಡರ್ ಮಾಡುವ ಮೊದಲು ಅಂಚಿನ ಹುಲ್ಲಿನ ಕೆಳಗೆ ಗುದ್ದಲಿ ಹಾಕಿ ನೋಡಿ. ಇಷ್ಟು ವರ್ಷ ನೀವು ದುಡ್ಡು ಕೊಟ್ಟು ಹಾಕಿಸಿದ ಜಲ್ಲಿ ಅಲ್ಲೇ ಮಲಗಿರುತ್ತದೆ.

ಎಲ್ಲಕ್ಕಿಂತ ಮೊದಲು, ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಯಿಂದ ಗೇಟಿನವರೆಗೆ ಒಮ್ಮೆ ನಡೆಯಿರಿ. ಬಿಸಿಲಿನಲ್ಲಿ ದಾರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗಲು ಒದ್ದಾಡುತ್ತದೆ, ಅದನ್ನು ಬರೆದುಕೊಂಡು ಬನ್ನಿ.

ಕಾಫಿಗಿಡ_ಮೂಡಿಗೆರೆ:

ಸಾರ್, ನಿನ್ನೆ ಸಂಜೆ ಸಿಕ್ಕಿತು ಒಂದು ಮಳೆ. ಹೋಗಿ ನೋಡಿದೆ. ಮನೆಯವರು 'ಹುಚ್ಚು ಹಿಡಿದಿದೆಯಾ' ಅಂದರು.

ನೀವು ಹೇಳಿದ್ದು ಅಕ್ಷರಶಃ ನಿಜ. ಎರಡೂ ಅಂಚಿನಲ್ಲಿ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರುವಷ್ಟು ಮಣ್ಣಿನ ದಿಂಡು, ಅದರ ಮೇಲೆ ಹುಲ್ಲು. ಜೆಸಿಬಿಯವನಿಗೆ ಹಾಗೆ ಹಾಕು ಅಂದದ್ದು ನಾನೇ, ಅವನದೇನೂ ತಪ್ಪಿಲ್ಲ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಕಾಫಿ ಒಣಗಿಸುವ ಸಿಮೆಂಟ್ ಕಣದ ನೀರು ಪೂರ್ತಿ ಒಂದು ಮೂಲೆಯಿಂದ ಇಳಿದು ಏರಿನ ತಲೆಗೆ ಬಂದು ಬೀಳುತ್ತಿದೆ. ಅಲ್ಲಿಂದ ಗಾಲಿಯ ಜಾಡು ಹಿಡಿದು ನೆಟ್ಟಗೆ ತಿರುವಿನವರೆಗೆ. ತಿರುವಿನಲ್ಲಿ ನಿಂತು ನೋಡಿದರೆ ಚಿಕ್ಕ ಹಳ್ಳ. ನಾನು ನಿಂತಿದ್ದಾಗಲೇ ಚಪ್ಪಲಿ ಪಕ್ಕದಲ್ಲಿ ಜಲ್ಲಿ ಕಲ್ಲುಗಳು ಉರುಳಿಕೊಂಡು ಹೋದವು. ಅಂಚಿನಲ್ಲಿ ಗುದ್ದಲಿ ಹಾಕಿದೆ, ಠಣ್ ಅಂತು. ಜಲ್ಲಿ ಇದೆ, ಜಾಸ್ತಿಯೇ ಇದೆ.

ಎರಡು ಪ್ರಶ್ನೆ. ಏರಿನಲ್ಲೂ ಆಮೆ ಬೆನ್ನೇ ಮಾಡಬೇಕಾ? ತಿರುವಿನಲ್ಲಿ ರಾಗಿ ಬೀಸಿದ ಹಾಗೆ ಗಡಗಡ ಅನ್ನುವ ಸಣ್ಣ ಸಣ್ಣ ಅಲೆ ಇವೆ, ಅದು ನಾನು ಬ್ಲೇಡ್ ಎಳೆಯುವ ಮೊದಲಿನಿಂದಲೂ ಇದೆ, ಅದಕ್ಕೆ ಏನು ಕಾರಣ?

ವರ್ಮಾಂಟ್_ಕನ್ನಡಿಗ:

ಗಡಗಡಕ್ಕೆ ನಾನು ಹೇಳುತ್ತೇನೆ, ಅದರ ಜೊತೆ ದಿನಾ ಬದುಕುವವನು ನಾನು. ಊರು ತೀರ್ಥಹಳ್ಳಿ ಕಡೆ, ಇರುವುದು ಅಮೆರಿಕದ ವರ್ಮಾಂಟ್‌ನಲ್ಲಿ. ಅಮೆರಿಕ ಅಂದರೆ ಎಲ್ಲ ನುಣುಪು ರಸ್ತೆ ಅಂದುಕೊಳ್ಳುತ್ತಾರೆ, ಇಲ್ಲಿ ಊರೂರಿನ ರಸ್ತೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಣ್ಣು-ಜಲ್ಲಿಯವೇ. ಚಳಿಗಾಲದಲ್ಲಿ ಹಿಮ ತಳ್ಳುವಾಗ ಜಲ್ಲಿಯೂ ಹುಲ್ಲಿಗೆ ಹೋಗಿ ಬೀಳುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ನೆಲದೊಳಗಿನ ಮಂಜು ಕರಗಿ ದಾರಿ ಅಂಬಲಿ ಆಗುತ್ತದೆ.

ಆ ಅಲೆಗೆ ಇಲ್ಲಿ ವಾಶ್‌ಬೋರ್ಡ್ ಅನ್ನುತ್ತಾರೆ. ಬರುವುದು ವೇಗದಿಂದ. ತಿರುವಿನಲ್ಲಿ ಬ್ರೇಕ್ ಹಾಕುತ್ತೇವೆ, ಏರು ಹತ್ತಲು ಎಕ್ಸಲರೇಟರ್ ಒತ್ತುತ್ತೇವೆ. ಗಾಲಿ ಒಂದು ಸಣ್ಣ ಉಬ್ಬಿನ ಮೇಲೆ ಹಾರಿ ಬೀಳುತ್ತದೆ, ಬಿದ್ದಲ್ಲಿ ಸ್ವಲ್ಪ ಕುಳಿ, ಅದರ ಮುಂದೆ ಇನ್ನೊಂದು ಉಬ್ಬು, ಹೀಗೇ ಬೆಳೆಯುತ್ತದೆ. ಮೇಲಿನ ಜಲ್ಲಿ ಒಣಗಿ ಸಡಿಲ ಇದ್ದಷ್ಟೂ ಬೇಗ ಬರುತ್ತದೆ. ಪರಿಹಾರ ಗುಂಡಿಯದ್ದೇ, ಅಲೆಯ ತಳದ ಕೆಳಗಿನವರೆಗೆ ಕೆದಕಿ ಮತ್ತೆ ಹಾಸಬೇಕು. ಮೇಲೆ ಮೇಲೆ ಸವರಿದರೆ ಹದಿನೈದು ದಿನಕ್ಕೆ ವಾಪಸ್.

ನನ್ನ ಹತ್ತಿರ 25 ಎಚ್‌ಪಿ ಸಣ್ಣ ಟ್ರ್ಯಾಕ್ಟರ್, ಅದಕ್ಕೆ ಬಾಕ್ಸ್ ಬ್ಲೇಡ್. ಪೆಟ್ಟಿಗೆ ಹಾಗೆ ಎರಡು ಪಕ್ಕ ಮುಚ್ಚಿರುತ್ತದೆ, ಮುಂದೆ ಕೆದಕುವ ಹಲ್ಲುಗಳು. ಟಾಪ್ ಲಿಂಕ್, ಅಂದರೆ ಟ್ರ್ಯಾಕ್ಟರ್‌ಗೆ ಬ್ಲೇಡನ್ನು ಜೋಡಿಸುವ ಮೇಲಿನ ಕೊಂಡಿ, ಗಿಡ್ಡ ಮಾಡಿದರೆ ಹಲ್ಲು ಕಚ್ಚುತ್ತದೆ, ಉದ್ದ ಮಾಡಿದರೆ ಹಿಂದಿನ ಅಂಚು ಸವರುತ್ತದೆ. ಆದರೆ ಆಮೆ ಬೆನ್ನು ಮಾಡಲು ಅದಕ್ಕಿಂತ ನಿಮ್ಮ ಓರೆ ಬ್ಲೇಡೇ ಮೇಲು. ಸುಮ್ನೆ ಹೊಸದು ಕೊಳ್ಳಲು ಹೋಗಬೇಡಿ.

ಮಳೆಮಾಪಕ:

ಏರಿನ ಪ್ರಶ್ನೆಗೆ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ತಗ್ಗು ಇದ್ದರೆ ಬೆನ್ನು ಬೇಕಾಗಿಲ್ಲ, ಪೂರ್ತಿ ದಾರಿಯನ್ನು ತಗ್ಗಿನ ಕಡೆ ಓರೆ ಮಾಡಬಹುದು. ಆದರೆ ಮಳೆಗಾಲದಲ್ಲಿ ಜಾರುವ ಜಿಗುಟು ಮಣ್ಣಾದರೆ ಗಾಡಿಯೂ ಆ ಕಡೆಗೇ ಜಾರುತ್ತದೆ. ನಾನಾಗಿದ್ದರೆ ಗುಡ್ಡದ ಕಡೆ ಚರಂಡಿ ತೆಗೆದು ನಡು ಎತ್ತರವೇ ಇಡುತ್ತಿದ್ದೆ. ಚರಂಡಿಯನ್ನು ಏರಿನುದ್ದಕ್ಕೂ ಒಂದೇ ಸಮ ಹರಿಯಲು ಬಿಡಬೇಡಿ. ಉದ್ದ ಹೋದಷ್ಟೂ ಅದಕ್ಕೆ ಬಲ ಬಂದು ತಾನೇ ಕೊರೆಯುತ್ತದೆ. 20-25 ಮೀಟರ್‌ಗೆ ಒಂದು ಕಡೆ ಬಾಯಿ ಬಿಟ್ಟು ತೋಟಕ್ಕೆ ಇಳಿಸಿ, ಹೇಗೂ ನಿಮ್ಮಲ್ಲಿ ತೊಟ್ಟಿಲು ಗುಂಡಿ ಇರುತ್ತವಲ್ಲ, ಅಲ್ಲಿ ಮಣ್ಣು ಕೂತು ನೀರು ಇಂಗಲಿ. ಗುಡ್ಡದ ಕಡೆಯ ನೀರು ಆಚೆ ದಾಟಬೇಕಾದ ಕಡೆ ಮಾತ್ರ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಹಾಕಿ.

ಕಣದ ನೀರನ್ನು ಮೊದಲು ತಿರುಗಿಸಿ. ಅದನ್ನು ಬಿಟ್ಟು ಬೇರೆ ಏನು ಮಾಡಿದರೂ ವ್ಯರ್ಥ.

ಜಲ್ಲಿ ಲೆಕ್ಕ: 300 ಮೀಟರ್ ಉದ್ದ, 3 ಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪ ಅಂದರೆ 45 ಘನ ಮೀಟರ್, ಸುಮಾರು 1,600 ಘನ ಅಡಿ. ತುಳಿದು ಕೂರುವುದಕ್ಕೆ ಕಾಲು ಭಾಗ ಸೇರಿಸಿದರೆ 2,000. ನೂರು ಘನ ಅಡಿ ಹಿಡಿಯುವ ಟ್ರೈಲರ್ ಆದರೆ 20 ಲೋಡ್. ಇದು ಪೂರ್ತಿ ಹೊಸದಾಗಿ ಹಾಸುವ ಲೆಕ್ಕ. ಅಂಚಿನದ್ದು ವಾಪಸ್ ಬಂದರೆ ನಿಮಗೆ ಅಷ್ಟು ಬೇಡ, ಏರಿಗೂ ತಿರುವಿಗೂ ಮಾತ್ರ ತರಿಸಿ. ಬರೀ 40 ಮಿಮೀ ಜಲ್ಲಿ ಬೇಡ, ಕೆಸರಿನಲ್ಲಿ ಮುಳುಗುತ್ತದೆ. 20 ಮಿಮೀ ಜೊತೆ ಕ್ರಷರ್ ಡಸ್ಟ್ (ಕಲ್ಲಿನ ಪುಡಿ) ಬೆರೆಸಿ. ಹೊಳೆಯ ಗುಂಡು ಕಲ್ಲು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ, ಉರುಳುತ್ತದೆ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕು. ನಾವು ದಿನಾ ಅನ್ನುವ 'ಮೆಕಡಂ' ರಸ್ತೆ ಬಂದದ್ದೇ ಈ ವಿಚಾರದಿಂದ. 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ರಸ್ತೆಗಳ ಉಸ್ತುವಾರಿಗೆ ಬಂದ ಜಾನ್ ಲೌಡನ್ ಮೆಕಡಂ ಹೇಳಿದ್ದೂ ಇಷ್ಟೇ, ಒಡೆದ ಸಣ್ಣ ಕಲ್ಲು ಹಾಸು, ಕೆಳಗಿನ ಮಣ್ಣನ್ನು ಒಣಗಿಸಿ ಇಡು. ಭಾರ ಹೊರುವುದು ಆ ಒಣ ಮಣ್ಣೇ.

ಹಾಸನದ_ಟ್ರ್ಯಾಕ್ಟರ್:

ಸಾರ್ ಹೇಳಿದ್ದು ಬಂಗಾರದ ಮಾತು. ಒಂದೆರಡು ಸೇರಿಸುತ್ತೇನೆ.

ಕೊನೆಗೆ ಸವರಲು ನಾನು ಒಂದು ಎಳೆಯುವ ಚೌಕಟ್ಟು ಮಾಡಿಸಿದ್ದೇನೆ. ಗುಜರಿಯಲ್ಲಿ ಸಿಕ್ಕ 6 ಅಡಿಯ ಎರಡು ಕಬ್ಬಿಣದ ಚಾನಲ್, ನಡುವೆ 3 ಅಡಿ ಬಿಟ್ಟು, ಸ್ವಲ್ಪ ಓರೆಯಾಗಿ ವೆಲ್ಡಿಂಗ್. ಮುಂದೆ ಚೈನು. ಉದ್ದ ಇರುವುದರಿಂದ ಅದು ಗುಂಡಿಗೆ ಇಳಿಯುವುದಿಲ್ಲ, ಉಬ್ಬು ಕತ್ತರಿಸಿ ತಗ್ಗಿಗೆ ಹಾಕುತ್ತಾ ಬರುತ್ತದೆ. ನಮ್ಮಲ್ಲಿ ಗದ್ದೆಗೆ ಹಲಗೆ ಹೊಡೆಯುತ್ತಾರಲ್ಲ, ಅದೇ ಲೆಕ್ಕ.

ಆದರೆ ಗದ್ದೆ ಹಲಗೆ ಮೇಲೆ ಆಳು ನಿಲ್ಲುವ ಹಾಗೆ ಇದರ ಮೇಲೆ, ಬ್ಲೇಡ್ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಭಾರ ಬೇಕಾದರೆ ಮರಳು ಚೀಲ ಕಟ್ಟಿ. ನಮ್ಮ ಪಕ್ಕದ ಊರಲ್ಲಿ ಭಾರಕ್ಕೆ ಅಂತ ನಿಂತ ಹುಡುಗ ಬಿದ್ದು ಕಾಲು ಮುರಿದುಕೊಂಡ, ನೋಡಲು ಆಗಲಿಲ್ಲ. ಮತ್ತೆ ಚೈನನ್ನು ಟ್ರ್ಯಾಕ್ಟರ್ ಹಿಂದೆ ಕೆಳಗಿರುವ ಎಳೆಯುವ ಪಟ್ಟಿ, ಡ್ರಾಬಾರ್‌ಗೇ ಹಾಕಿ. ಟಾಪ್ ಲಿಂಕ್ ಜಾಗಕ್ಕೆ ಸಿಕ್ಕಿಸಿದರೆ, ಎಲ್ಲಾದರೂ ಬೇರಿಗೆ ತಗುಲಿ ನಿಂತಾಗ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ನಿಮ್ಮ ಏರಿನಲ್ಲಿ ಅದು ಇನ್ನೂ ಅಪಾಯ.

ರೋಲರ್ ಸಿಗದಿದ್ದರೆ ನಮ್ಮ ಬಯಲು ಕಡೆ ಬನ್ನಿ. ಒಂದು ಕಾಲದಲ್ಲಿ ರಾಗಿ ಕಣದಲ್ಲಿ ಎಳೆಯುತ್ತಿದ್ದ ಗುಂಡುಕಲ್ಲು ಈಗ ಎಲ್ಲರ ಹಿತ್ತಲಲ್ಲೂ ಸುಮ್ನೆ ಬಿದ್ದಿದೆ, ನಾನು ಅದನ್ನೇ ಎಳೆದೆ. ರೋಲರ್ ಅಷ್ಟು ಕೂರಿಸುವುದಿಲ್ಲ, ಏನೂ ಇಲ್ಲದ್ದಕ್ಕಿಂತ ಮೇಲು.

ಕಾಫಿಗಿಡ_ಮೂಡಿಗೆರೆ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ನವೆಂಬರ್ ಎರಡನೇ ವಾರ ಆಯಿತು, ಒಟ್ಟು ಮೂರು ದಿನ.

ಮೊದಲ ದಿನ ಟ್ರ್ಯಾಕ್ಟರ್ ಮುಟ್ಟಲೇ ಇಲ್ಲ. ಕಣದ ಮೂಲೆಗೆ ಅರ್ಧ ಅಡಿ ಸಿಮೆಂಟ್ ಕಟ್ಟೆ ಕಟ್ಟಿಸಿ ನೀರನ್ನು ಇನ್ನೊಂದು ಬದಿಗೆ ತಿರುಗಿಸಿದೆ. ಗಾರೆಯವನ ಅರ್ಧ ದಿನದ ಕೆಲಸ, ಒಂದೂವರೆ ಚೀಲ ಸಿಮೆಂಟ್. ಇಷ್ಟು ವರ್ಷ ಇದಕ್ಕಾಗಿ ನಾನು ಸುರಿದ ಜಲ್ಲಿ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆಳುಗಳು ಅಂಚಿನ ದಿಂಡು ಒಡೆದು ಹುಲ್ಲು ಬೇರೆ ಮಾಡಿದರು, ಗುಡ್ಡದ ಕಡೆ ಚರಂಡಿ ತೆಗೆದರು.

ಎರಡನೇ ದಿನ ಕಲ್ಟಿವೇಟರ್. ಐದು ಹಲ್ಲಿನ ಉಪಾಯ ಕೆಲಸ ಮಾಡಿತು, ಆದರೆ ತಿರುವಿನಲ್ಲಿ ಒಂದು ಸ್ಪ್ರಿಂಗ್ ಮುರಿಯಿತು, ಒಳಗೆ ದೊಡ್ಡ ಬಂಡೆ ಮೂತಿ ಇತ್ತು. ಆಮೇಲೆ ಓರೆ ಬ್ಲೇಡ್. ಪೊಸಿಷನ್ ಲಿವರ್‌ನಲ್ಲಿ ಇಟ್ಟು ಕೈ ಕಟ್ಟಿ ಕೂತೆ, ನಿಜಕ್ಕೂ ಕಷ್ಟ, ಕೈ ತಾನಾಗಿ ಲಿವರ್ ಕಡೆ ಹೋಗುತ್ತದೆ. ನಾಲ್ಕನೇ ಸಲಕ್ಕೆ ನಡುವೆ ಜಲ್ಲಿಯ ಸಾಲು ಏಳುವುದು ಕಂಡಿತು. ಮೂರನೇ ದಿನ ಏರಿಗೆ, ತಿರುವಿಗೆ ಸೇರಿ 6 ಲೋಡ್ ಹೊಸ ಜಲ್ಲಿ-ಡಸ್ಟ್, ಮೇಲೆ ನೀರು ಹೊಡೆದು, ಬಾಡಿಗೆ ರೋಲರ್ ಒಂದು ಮಧ್ಯಾಹ್ನ. ಟ್ಯೂಬ್ ಲೆವೆಲ್ ಹಿಡಿದು ನೋಡಿದರೆ ಸಮ ಜಾಗದಲ್ಲಿ ಎರಡೂಮುಕ್ಕಾಲು ಇಂಚು ಇದೆ, ಏರಿನಲ್ಲಿ ಎರಡರ ಹತ್ತಿರ. ಅಲ್ಲಿ ನನ್ನ ಕೈ ಇನ್ನೂ ಪಳಗಬೇಕು.

ಅದಾದ ಮೇಲೆ ಒಂದು ರಾತ್ರಿ ಅಕಾಲದ ಮಳೆ ಒಂದು ಗಂಟೆ ಜೋರಾಗಿ ಬಂತು. ಕೊಯ್ಲಿನ ಹೊತ್ತಲ್ಲಿ ಮಳೆ ಬಂದರೆ ಶಾಪ ಹಾಕುವವನು ನಾನು, ಆ ದಿನ ಟಾರ್ಚ್ ಹಿಡಿದು ಓಡಿದೆ. ನೀರು ಎರಡೂ ಕಡೆ ಇಳಿಯುತ್ತಿತ್ತು, ನಡು ಬರೀ ಒದ್ದೆ. ಗೇಟಿನ ಹತ್ತಿರ ಮಾತ್ರ ಎರಡು ಮಾರು ಉದ್ದ ನಿಂತಿತ್ತು, ಅಲ್ಲಿ ಟಾರು ರಸ್ತೆಯೇ ನಮ್ಮ ದಾರಿಗಿಂತ ಎತ್ತರ ಇದೆ.

ಡ್ರೈವರ್ ಈ ಸಲ ನಗಲಿಲ್ಲ. ಗ್ಯಾಸ್ ಗಾಡಿ ಮಾತ್ರ ಇನ್ನೂ ಗೇಟಿನಲ್ಲೇ ನಿಲ್ಲುತ್ತದೆ, ಅಭ್ಯಾಸ ಆಗಿಬಿಟ್ಟಿದೆಯಂತೆ.

ಮಳೆಮಾಪಕ:

ಗೇಟಿನ ಹತ್ತಿರ ಒಂದು ಅಡಿ ವ್ಯಾಸದ ಹ್ಯೂಮ್ ಪೈಪ್ ಅಡ್ಡ ಹಾಕಿ, ಆದಷ್ಟು ಏಪ್ರಿಲ್ ಒಳಗೆ. ಪೈಪಿನ ಮೇಲೆ ಒಂದು ಅಡಿಯಾದರೂ ಮಣ್ಣು ಇರಲಿ, ಇಲ್ಲದಿದ್ದರೆ ಕಾಫಿ ಲೋಡ್ ಗಾಡಿ ಹತ್ತಿದಾಗ ಒಡೆಯುತ್ತದೆ. ಏರಿನಲ್ಲಿ ಕಡಿಮೆ ಇರುವ ಆ ಅರ್ಧ ಮುಕ್ಕಾಲು ಇಂಚನ್ನು ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೇ ದಿನ ಎರಡು ಸಲ ಬ್ಲೇಡ್ ಎಳೆದು ಸರಿ ಮಾಡಿಕೊಳ್ಳಿ, ಉಂಡೆ ಕಟ್ಟಿ ನೋಡಿಯೇ ಇಳಿಯಿರಿ. ಮುರಿದ ಸ್ಪ್ರಿಂಗ್ ಈಗಲೇ ಹಾಕಿಸಿ, ಆಮೇಲೆ ಮರೆಯುತ್ತೀರಿ.